ಬರೀ ನೀರು

ಶಿಡ್ಲಘಟ್ಟ, ಸರ್ಕಾರಿ ಕಾಲೇಜು, ಮಾರ್ಚಿನ ಮೂರನೇ ಪಿರಿಯಡ್ಡು.
ಕಡಪಾ ಕಲ್ಲಿನ ಮೇಜಿನ ಮೇಲೆ ಯಾರೋ ಆಸಿಡ್ಡಲ್ಲಿ ಬರೆದು
ಅರ್ಧಕ್ಕೇ ಬಿಟ್ಟ ಹೆಸರು.
ಗಾಳಿ ಬಂದರೆ ಕಿಟಕಿಯಿಂದ ಬೇಯುವ ರೇಷ್ಮೆಗೂಡಿನ ವಾಸನೆ,
ಬರದಿದ್ದರೆ ನಮ್ಮದೇ, ಕೊಳೆತ ಮೊಟ್ಟೆಯದು.

ಸೀಸದ ನೈಟ್ರೇಟು, ಹೋದ ತಿಂಗಳು ಕರಗಿಸಿಟ್ಟದ್ದು. ತಿಳಿ.
ಪೊಟ್ಯಾಸಿಯಂ ಅಯೋಡೈಡು. ಅದೂ ತಿಳಿ.
ಬೆಳಕಿಗೆ ಹಿಡಿದರೆ ಎದುರು ನಿಂತ ಮುಬೀನಾಳ ಮೂಗುತಿ
ಎರಡು ನಳಿಕೆಯಲ್ಲೂ ಅಷ್ಟೇ ದಪ್ಪ.
ಒಂದನ್ನು ಒಂದಕ್ಕೆ ಸುರಿದೆವು,
ಅರಿಶಿನ!
ಯಾರ ಸೆರಗಿನ ಗಂಟಲ್ಲಿತ್ತೋ ಇಷ್ಟು ಹಳದಿ.
ಹಿಂದಿನ ಸಾಲಿನ ಚಲಪತಿ ಶಿಳ್ಳೆ ಹಾಕಿದ.

ಪುಸ್ತಕದಲ್ಲಿ ಅದು ಪ್ರಕ್ಷೇಪ.
ವೆಂಕಟರೋಣಪ್ಪ ಮೇಷ್ಟ್ರ ಬಾಯಲ್ಲಿ ಒತ್ತರ.
ಅಟೆಂಡರ್ ಪಿಳ್ಳಮುನಿಯಪ್ಪನಿಗೆ ಗಸಿ.
ನಳಿಕೆ ತೊಳೆಯುವವನು ಅವನೇ ಆದ್ದರಿಂದ
ಅವನ ಮಾತೇ ನಮ್ಮಲ್ಲಿ ನಿಂತಿತು.

"ಗಸಿ ಕೂರಲಿ, ತಡೀರಿ" ಅಂದರು ಮೇಷ್ಟ್ರೂ.
"ಮೇಲೆ ತಿಳಿ ನಿಂತಮೇಲೆ ಬರೀರಿ, ಏನು ಕಂಡಿತು ಅಂತ.
ಏನು ಅಂದುಕೊಂಡಿರಿ ಅನ್ನೋದು ಪಕ್ಕದ ಕಾಲಮ್ಮು."

ಆಮೇಲೆ ಬೀರುವಿನ ಬೀಗ ತೆಗೆದು
ಕಂದು ಬಾಟಲಿ ತಂದರು, ಬೆಳ್ಳಿಯ ನೈಟ್ರೇಟು.
ಗ್ರಾಮಿನ ಬೆಲೆ ಹೇಳಿ ಹೆದರಿಸಿ
ಪೋಲಿಯೋ ಹನಿಯ ಹಾಗೆ ತಲೆಗೆರಡು ತೊಟ್ಟು.
ಒಬ್ಬೊಬ್ಬರಿಗೆ ಒಂದೊಂದು ಹೆಸರಿಲ್ಲದ ಪುಡಿ.
ಕ್ಲೋರೈಡಿದ್ದರೆ ಬೆಳ್ಳಗೆ ಒಡೆಯುತ್ತದೆ,
ಇಲ್ಲದಿದ್ದರೆ ಸುಮ್ಮನಿರುತ್ತದೆ.

ನನ್ನದು ಬಿಳಿ. ಚಲಪತಿಯದೂ ಬಿಳಿ.
ಹದಿನೇಳು ನಳಿಕೆ, ಹದಿನೇಳೂ ಬಿಳಿ.
ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು:
ತಾವೇ ತೂಗಿ ಕೊಟ್ಟದ್ದರಲ್ಲಿ ಎಂಟು ಬರೀ ನೈಟ್ರೇಟು.
ನಾವಾಗಲೇ ಕ್ಲೋರೈಡ್ ಎಂದು ಬರೆದು
ಸ್ಕೇಲಿಟ್ಟು ಅಡಿಗೆರೆ ಎಳೆದಾಗಿತ್ತು.

ಮುಬೀನಾ ಬರೆದಿರಲಿಲ್ಲ.
ಬಟ್ಟಿ ನೀರಿನ ಬಾಟಲಿಯಿಂದ ಕರೀ ಕಲ್ಲಿಗೆ ಚೆಲ್ಲಿದ್ದ ಹನಿ
ಬಿಸಿಲಿಗೆ ಆರಿ, ಗೊಂಬೆಯ ಬಳೆಯಷ್ಟು
ಬಿಳಿ ಸುತ್ತು ಬಿಟ್ಟಿತ್ತು. ಉಗುರಲ್ಲಿ ಕೆರೆದಳು.
ಅವರಪ್ಪ ನೂಲು ಬಿಚ್ಚುವವರು;
ಟ್ಯಾಂಕರ್ ಬಂದರೆ ಮೊದಲು ಅಂಗೈಗೆ ನೀರು ಹಿಡಿದು
ಸೋಪು ಉಜ್ಜಿ ನೊರೆ ನೋಡುವವರು.
ಗಡಸು ನೀರಲ್ಲಿ ಬೆಂದ ಗೂಡಿಗೆ
ಹೊಳಪು ಎಲ್ಲಿಂದ ಬರಬೇಕು?

"ಸಾರ್, ಇನ್ನೆರಡು ತೊಟ್ಟು."
"ಯಾವ ಲವಣಕ್ಕಮ್ಮ?"
"ಯಾವುದಕ್ಕೂ ಅಲ್ಲ ಸಾರ್. ಬರೀ ನೀರಿಗೆ."

ಮೇಷ್ಟ್ರ ಕೈ ಬಾಟಲಿಯ ಕತ್ತಿನ ಮೇಲೆ ಒಂದು ಗಳಿಗೆ ನಿಂತಿತು.
ತೊಟ್ಟು ಬಿತ್ತು.
ಊದುಬತ್ತಿ ಹೊಗೆಯ ಒಂದೆಳೆ ಇಳಿದು, ಬಳುಕಿ,
ನೋಡನೋಡುತ್ತ ಅಕ್ಕಿ ತೊಳೆದ ನೀರು.

ಎಲ್ಲರೂ ಪಿಳ್ಳಮುನಿಯಪ್ಪನ ಕಡೆ ತಿರುಗಿದೆವು.
ಅವನು ತನ್ನ ಚಪ್ಪಲಿ ನೋಡಿದ.
ಬಟ್ಟಿಯ ಕಾಯಿಲ್ ಸುಟ್ಟು ಹದಿನೈದು ದಿನ,
ಅರ್ಜಿ ಹೋಗಿದೆ,
ಕ್ಯಾನು ಖಾಲಿ ಇಡಲು ಮನಸ್ಸಾಗದೆ
ನಲ್ಲಿಗೆ ಹಿಡಿದಿದ್ದ. ಸಾವಿರದ ನಾನೂರು ಅಡಿಯ ಬೋರು.
"ಕಣ್ಗೆ ತಿಳಿಯಾಗೇ ಇತ್ತು ಸಾ," ಅಂದ,
"ನಾನು ದಿನಾ ಕುಡಿಯಾದೂ ಅದೇಯ."
ಹಲ್ಲಿನ ಕಂದು ಪಟ್ಟೆ ಕಂಡು ಮರೆಯಾಯಿತು.

ಮೇಷ್ಟ್ರು ಬೈಯಲಿಲ್ಲ.
"ಹದಿನೇಳು ಜನ ಸೇರಿ ಒಂದೇ ಬೋರ್‌ವೆಲ್ ಪರೀಕ್ಷೆ ಮಾಡಿದ್ದೀರಿ,
ಚೆನ್ನಾಗೇ ಮಾಡಿದ್ದೀರಿ" ಅಂದು ಬೋರ್ಡು ಒರೆಸಿದರು.
ಒರೆಸುತ್ತಲೇ, ದಿನಾ ಕೇಳುವ ಹಾಗೆ,
"ತಿಳೀತಾ?"
ದಿನಾ ಹೂಂ ಅನ್ನುತ್ತಿದ್ದ ನಾವು ಸುಮ್ಮನಿದ್ದೆವು.
ಸ್ಟ್ಯಾಂಡಿನಲ್ಲಿ ಗಸಿ ಇನ್ನೂ ಕೂರುತ್ತಿತ್ತು.

ಚಿಂತಾಮಣಿ ಬಸ್ಸಿಗೆ ಕಾಯುವಾಗ
ಮುಬೀನಾಳ ತೋರುಬೆರಳು ಬಿಸಿಲಿಗೆ ಕಪ್ಪಾಗುತ್ತ ಬಂತು,
ವೋಟು ಹಾಕಿದವರ ಹಾಗೆ. ವೋಟಿಗೆ ಇನ್ನೆರಡು ವರ್ಷ.
ದುಪಟ್ಟಾದಲ್ಲಿ ಉಜ್ಜಿದಳು, ಹೋಗಲಿಲ್ಲ.
ಚೀಲದಿಂದ ನೀರಿನ ಬಾಟಲಿ ತೆಗೆದು
ಸೂರ್ಯನಿಗೆ ಅಡ್ಡ ಹಿಡಿದು, ಅಲ್ಲಾಡಿಸಿ,
ಬಹಳ ಹೊತ್ತು ನೋಡಿದಳು.
ಬಾಯಾರಿತ್ತು. ಕುಡಿದಳು.
ಉಳಿದದ್ದನ್ನು ನನಗೆ ಕೊಟ್ಟಳು.